ಹಳೇ ಫಿಯೆಟ್ಟಿನಾಗೆ ಹಳೇ ಹಾಡು: ತಟ್ಟೆಯಿಂದ ಕ್ಯಾಸೆಟ್ಟಿಗೆ ಇಳಿಸೋದಾ, ಯುಎಸ್‌ಬಿ ಸೆಟ್ ಹಾಕೋದಾ?

ಕೌಲ್‌ಬಜಾರ್_ಫಿಯೆಟ್ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ಗಾಡಿ 1984ರ ಪ್ರೀಮಿಯರ್ ಪದ್ಮಿನಿ, ಎಲ್ಲಾರೂ ಫಿಯೆಟ್ ಅನ್ನೋದು ಇದಕ್ಕೇ. ಡ್ಯಾಶ್‌ಬೋರ್ಡಿನಾಗೆ ಹಳೇ ಕ್ಯಾಸೆಟ್ ಸೆಟ್ ಐತೆ. ಲೈಟ್ ಹತ್ತುತೈತೆ, ಮೋಟರ್ ಗುಂಯ್ ಅಂತೈತೆ, ಕ್ಯಾಸೆಟ್ ಮಾತ್ರ ತಿರುಗಂಗಿಲ್ಲ. ರೇಡಿಯೊ ಹಾಕಿದ್ರೆ ಹಾಡಿನ ಜೊತೆಗೆ ಟಿಕ್‌ಟಿಕ್ ಸದ್ದು, ಎಕ್ಸಲೇಟರ್ ಒತ್ತಿದಷ್ಟೂ ಬಿರುಸಾಗ್ತೈತೆ.

ಮನೆಯಾಗೆ ಒಂದು ಟ್ರಂಕಿನ ತುಂಬ ರಿಕಾರ್ಡು: 78ರ ತಟ್ಟೆ (ನಿಮಿಷಕ್ಕೆ 78 ಸುತ್ತು ತಿರುಗೋವು) 40, ಎಲ್‌ಪಿ (33ರ ದೊಡ್ಡ ತಟ್ಟೆ) ಇಪ್ಪತ್ತು ಚಿಲ್ಲರೆ, 45ರ ಸಣ್ಣವು ಹತ್ತು. ರಂಗಗೀತೆ, ವಚನ, ಸಿನಿಮಾ ಹಾಡು ಎಲ್ಲಾ ಅದಾವೆ. ಪ್ಲೇಯರು ಸೂಟ್‌ಕೇಸ್ ಮಾದರಿದು, 16, 33, 45, 78 ಅಂತ ನಾಲ್ಕೂ ಸ್ಪೀಡ್ ಐತೆ. ಈ ಹಾಡು ಈ ಗಾಡಿಯಾಗೇ ಕೇಳಬೇಕು. ಸೆಟ್ ರಿಪೇರಿ ಮಾಡಿಸಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳೋದು ಚಲೋನಾ, ಇಲ್ಲಾ ಹೊಸ ಸೆಟ್ಟಾ? ತಟ್ಟೆ ಮ್ಯಾಲೆ ಒಂದು ಪದರ ಕೆಂಧೂಳು ಕುಂತೈತೆ, ಸ್ಪಿರಿಟ್ ಹಚ್ಚಿ ಒರೆಸಬೋದಾ?

ಬಿಸಿಲೂರು_36 (ರಾಯಚೂರು)
ಬ್ಲೂಟೂತ್ ಹಾಕ್ರಿ. ಕಥಿ ಮುಗೀತು.

ಹಳೇಮುಳ್ಳು (ಬಳ್ಳಾರಿ)
ಮೊದಲು ಸ್ಪಿರಿಟ್ ಬಾಟಲಿ ಕೆಳಗಿಡಿ ಸರ್! 78ರ ತಟ್ಟೆ ಅರಗಿನದು. ಅರಗು ಸ್ಪಿರಿಟ್ಟಿಗೆ ಕರಗುತ್ತೆ. ಬಡಗಿಗಳು ಪಾಲಿಶ್ ಮಾಡೋಕೆ ಅರಗನ್ನ ಸ್ಪಿರಿಟ್ಟಿನಲ್ಲೇ ನೆನೆಸೋದು, ಅದೇ ಕೆಲಸ ನಿಮ್ಮ ತಟ್ಟೆ ಮೇಲೂ ಆಗುತ್ತೆ. ಒಂದು ಸಲ ಒರೆಸಿದರೆ ಗೆರೆ ಮಸುಕಾಗಿ ಹೊಳಪು ಹೋಗುತ್ತೆ, ಆಮೇಲೆ ಏನು ಮಾಡಿದರೂ ವಾಪಸ್ ಬರಲ್ಲ.

ಯಾವುದು ಅರಗು, ಯಾವುದು ಪ್ಲಾಸ್ಟಿಕ್ ಅಂತ ಗೊತ್ತಾಗದಿದ್ದರೆ ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಅರಗಿನದು ಪಿಂಗಾಣಿ ಬಸಿ ಥರ ಟಣ್ ಅನ್ನುತ್ತೆ, ಪ್ಲಾಸ್ಟಿಕ್ಕಿನದು ದಪ್ ಅನ್ನುತ್ತೆ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78 ಅಚ್ಚಾಗ್ತಾನೇ ಇತ್ತು. ಹಾಗಾಗಿ ಲೇಬಲ್ ಹೊಸದಾಗಿ ಕಾಣುತ್ತೆ ಅಂತ ಅದನ್ನ ಎಲ್‌ಪಿ ಅಂದುಕೊಳ್ಳಬೇಡಿ.

78 ತೊಳೆಯೋದು ಹೀಗೆ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್, ಅಂದ್ರೆ ಬ್ಯಾಟರಿಗೆ ಹಾಕೋ ನೀರು, ಹೊಸ ಬಾಟಲಿದೇ ಆಗಬೇಕು. ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ 2 ಹನಿ. ಮೊದಲು ಒಣ ಬ್ರಷ್ಷಿನಿಂದ ಧೂಳು ಕೊಡವಿ. ಅದು ಬಿಟ್ಟು ನೇರ ಒದ್ದೆ ಬಟ್ಟೆ ಹಾಕಿದರೆ ಕೆಂಧೂಳು ಕೆಸರಾಗಿ ಗೆರೆ ಒಳಗೆ ಕೂರುತ್ತೆ. ಆಮೇಲೆ ಮೆತ್ತನೆ ಬ್ರಷ್ ನೀರಿಗದ್ದಿ, ಗೆರೆ ಹೋದ ದಿಕ್ಕಿಗೇ ಸುತ್ತು ಹಾಕಿ. ಅಡ್ಡ ಉಜ್ಜಬಾರದು. ಲೇಬಲ್ಲಿಗೆ ನೀರು ತಾಗಬಾರದು. ತಕ್ಷಣ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಂದು ಸಲ ಒರೆಸಿ, ಹತ್ತಿ ಬಟ್ಟೆಯಿಂದ ಒತ್ತಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ನೆನೆಹಾಕೋದಂತೂ ಬೇಡವೇ ಬೇಡ. ಅರಗಿನ ಜೊತೆ ಕಲ್ಲಿನ ಪುಡಿ ಕಲಸಿರ್ತಾರೆ, ಅದು ನೀರು ಹೀರುತ್ತೆ.

ಕೌಲ್‌ಬಜಾರ್_ಫಿಯೆಟ್
ಅಬ್ಬಾ, ಕೇಳಿದ್ದು ಚಲೋ ಆತು. ಎಲ್‌ಪಿಗೂ ಇದೇ ನೀರಾ?

ಹಳೇಮುಳ್ಳು
ಎಲ್‌ಪಿ, 45ಕ್ಕೂ ಆಗುತ್ತೆ. ಅವು ಪಿವಿಸಿ ಪ್ಲಾಸ್ಟಿಕ್ ಆದ್ದರಿಂದ ಎಣ್ಣೆ ಜಿಡ್ಡು ಇದ್ದರೆ 5 ಭಾಗ ನೀರಿಗೆ 1 ಭಾಗ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು. ಎರಡಕ್ಕೂ ಒಂದೇ ಬಾಟಲಿ ಮಾಡಬೇಡಿ, ಕೈ ತಪ್ಪಿ 78ಕ್ಕೆ ಹೋಗುತ್ತೆ.

ಸಂಡೂರು_ಕೆಂಧೂಳು
ಬಳ್ಳಾರಿ ಸೀಮೆಗೆ ಒಂದು ಮಾತು ಸೇರಿಸಬೇಕು. ಬೇರೆ ಊರಿನ ಧೂಳು ಬೇರೆ, ತೋರಣಗಲ್ಲು, ಸಂಡೂರು ಕಡೆ ಧೂಳು ಬೇರೆ. ಇದು ಅದಿರಿನ ಪುಡಿ, ಕಬ್ಬಿಣದ ಆಕ್ಸೈಡು. ಮುಳ್ಳು ವಜ್ರದ್ದಾದ್ರೂ ತಟ್ಟೆ ಪ್ಲಾಸ್ಟಿಕ್ ಐತಲ್ಲ, ಮುಳ್ಳಿನ ಕೆಳಗೆ ಒಂದು ಕಣ ಸಿಕ್ರೆ ಗೆರೆ ಗೋಡೆ ಕೆರೆದು ಹಾಕ್ತೈತೆ. ಕಾಗದದ ಕವರ್ ಒಳಗಿನ ಧೂಳೂ ಅಷ್ಟೇ ಕೆಟ್ಟದ್ದು, ತೊಳೆದ ತಟ್ಟೇನ ಹಳೇ ಕವರಿಗೇ ವಾಪಸ್ ತುರುಕಬ್ಯಾಡ್ರಿ. ಅಷ್ಟೇ ಅಲ್ಲ, ಈ ಪುಡಿ ಕಾರಿನ ಸ್ಪೀಕರ್ ಅಯಸ್ಕಾಂತಕ್ಕೆ ಅಂಟಿಕೊಂಡು ಕಾಯಿಲ್ ಕೆರೀತೈತೆ. ಅದಕ್ಕೇ ಬಳ್ಳಾರಿ ಕಾರಿನ ಸ್ಪೀಕರ್ ಬೇಗ ಕರ್ರ್ ಅನ್ನೋದು.

ಕೊಪ್ಪಳ_ವೈರಿಂಗ್
ಮೊದಲನೇ ಮಾತು ಖರೆ, ಎರಡನೇದು ಅಲ್ಲ. ಸಂಡೂರು ಅದಿರು ಹೆಮಟೈಟ್, ಅಯಸ್ಕಾಂತಕ್ಕ ಅಂಥಾ ಪರಿ ಹತ್ತಂಗಿಲ್ಲ. ಸ್ಪೀಕರಿನ ಸಂದಿಗೆ ಹೋಗಿ ಕೂಡೋದು ಗ್ಯಾರೇಜಿನ ಗ್ರೈಂಡಿಂಗ್ ಪುಡಿ. ಬಾಗಿಲಿಗೆ ವೆಲ್ಡಿಂಗ್, ಗ್ರೈಂಡಿಂಗ್ ಮಾಡುವಾಗ ಸ್ಪೀಕರ್ ಬಿಚ್ಚಂಗಿಲ್ಲಲ್ಲ, ಅಲ್ಲೇ ಆಗೋದು. ಪೇಪರ್ ಕೋನ್ ಮೆಲ್ಲಕ ಎರಡೂ ಕಡೆ ಸಮ ಒತ್ತಿ ನೋಡ್ರಿ. ಕೆರೆದಂಗ ಸಪ್ಪಳ ಬಂದ್ರ ಪುಡಿ ಹೋಗೈತಿ, ಇಲ್ಲಾ ಬಿಸಿಲಿಗೆ ಕಾಯಿಲ್ ಸೊಟ್ಟ ಆಗೈತಿ.

ಸಂಡೂರು_ಕೆಂಧೂಳು
ಒಪ್ಪಿದೆ ಅಣ್ಣಾ. ಆದ್ರೂ ಧೂಳಿಗೆ ಬೈಯೋ ಹಕ್ಕು ಬಿಟ್ಟುಕೊಡಲ್ಲ.

ಗಂಗಾವತಿ_ಟೇಪು
ಸೆಟ್ಟಿನ ವಿಷಯಕ್ಕ ಬರೋಣ. ಮೋಟರ್ ತಿರುಗಿ ಕ್ಯಾಸೆಟ್ ತಿರುಗಂಗಿಲ್ಲ ಅಂದ್ರ 10ಕ್ಕ 9 ಸಲ ಬೆಲ್ಟು ಹೋಗಿರ್ತೈತಿ. ಹಳೇ ರಬ್ಬರ್ ಬೆಲ್ಟು ನಮ್ಮ ಬಿಸಿಲಿಗೆ ಡಾಂಬರ್ ಆಗಿ ಕರಗಿ ಪುಲ್ಲಿಗೆ ಮೆತ್ತಿಕೊಂಡಿರ್ತೈತಿ. ಹೊಸ ಬೆಲ್ಟು ಹಾಕೂದಕಿಂತ ಆ ಡಾಂಬರ್ ತಗಿಯೂದೇ ದೊಡ್ಡ ಕೆಲಸ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಹಚ್ಚಿ ಮೋಟರ್ ಪುಲ್ಲಿ, ದೊಡ್ಡ ಚಕ್ರ ಎರಡೂ ಲೋಹ ಕಾಣೂತನಕ ಒರೆಸ್ರಿ. ಒಂದು ಚೂರು ಉಳಿದ್ರೂ ಹಾಡು ಅಲೆ ಅಲೆ ಆಗಿ ಬರ್ತೈತಿ.

ಬೆಲ್ಟಿನ ಅಳತಿ: ಪುಲ್ಲಿಗಳ ಸುತ್ತ ಒಂದು ದಾರ ಸುತ್ತಿ, ಉದ್ದ ಅಳೆದು, ಅದರಾಗ ನೂರಕ್ಕ 5 ಕಳೀರಿ. ಬಿಗಿ ಜಾಸ್ತಿ ಆದ್ರ ಮೋಟರಿನ ಬುಷ್ ತಿಂತೈತಿ, ಸಡಿಲ ಆದ್ರ ಸಿ-90 (90 ನಿಮಿಷದ) ಕ್ಯಾಸೆಟ್ ಎಳೆಯಂಗಿಲ್ಲ.

ಆಮ್ಯಾಲೆ ರೀಲು ಒತ್ತಿ ಎಳೆಯೋ ರಬ್ಬರ್ ರೋಲರ್. ಅದಕ್ಕ ಐಸೊಪ್ರೊಪೈಲ್ ಹಚ್ಚಬ್ಯಾಡ್ರಿ, ಒಣಗಿ ಬಿರುಕು ಬಿಡ್ತೈತಿ. ಸೋಪಿನ ನೀರು ಸಾಕು. ಗಾಜಿನಂಗ ಹೊಳೀತಿದ್ರ ಅದು ಗಟ್ಟಿ ಆಗೈತಿ ಅಂತ ಅರ್ಥ, ಬದಲಿ ಮಾಡ್ರಿ. ಕ್ಯಾಸೆಟ್ಟಿನ ರೀಲು ತಿಂದು ಹೊರಗ ಹಾಕೂದು ಈ ರೋಲರ್ರೇ. ಅಪವಾದ ಮಾತ್ರ ಕ್ಯಾಸೆಟ್ಟಿನ ಮ್ಯಾಲೆ.

ಬಿಸಿಲೂರು_36
ಇಷ್ಟೆಲ್ಲಾ ಮಾಡಿ ಕೊನಿಗಿ ಸಿಗೋದು ಕ್ಯಾಸೆಟ್ಟಿನ ಸುಂಯ್ ಸದ್ದು. 4 ಜಿಬಿ ಪೆನ್‌ಡ್ರೈವಿನಾಗ ಟ್ರಂಕಿನ ಎಲ್ಲಾ ಹಾಡು ಹಿಡೀತಾವ.

ಹಳೇಮುಳ್ಳು
ಹಾಡು ಹಿಡಿಯೋದು ಒಂದು ಮಾತು, ಆ ಡ್ಯಾಶ್‌ಬೋರ್ಡ್ ಕತ್ತರಿಸೋದು ಇನ್ನೊಂದು ಮಾತು. ಹಳೇ ಸೆಟ್ಟಿಗೆ ಎರಡು ಗುಂಡಿ, ನಡುವೆ ಒಂದು ಬಾಯಿ. ಈಗಿನದು ಚೌಕ ಡಬ್ಬಿ, ಅದನ್ನ ಕೂರಿಸಬೇಕಂದ್ರೆ ತಗಡು ಕೊಯ್ಯಲೇಬೇಕು. ಕೊಯ್ದ ಡ್ಯಾಶ್‌ಬೋರ್ಡಿಗೆ ಆಮೇಲೆ ಬೆಲೆ ಇಲ್ಲ.

ಗಂಗಾವತಿ_ಟೇಪು
ನಡುವಿನ ದಾರಿ ಐತಿ. ಹಳೇ ಸೆಟ್ ಅಲ್ಲೇ ಇರಲಿ, ರೆಡಿ ಸಿಗೋ ಸಣ್ಣ ಬ್ಲೂಟೂತ್ ಬೋರ್ಡಿನ ವಾಯರ್ ಒಳಗ ವಾಲ್ಯೂಮ್ ಕಂಟ್ರೋಲಿನ ಮ್ಯಾಲಿನ ಕಾಲಿಗೆ ಹಾಕಬೋದು. ಹೊರಗಿಂದ ಏನೂ ಕಾಣಂಗಿಲ್ಲ. ಆದ್ರ ಆ ಬೋರ್ಡು 5 ವೋಲ್ಟಿಂದು, ನೇರ 12 ವೋಲ್ಟ್ ಕೊಟ್ರ ಹೊಗಿ ಬರ್ತೈತಿ.

ಕೊಪ್ಪಳ_ವೈರಿಂಗ್
ಈಗ ಟಿಕ್‌ಟಿಕ್ ಸಪ್ಪಳ. ಎಂಜಿನ್ ಸ್ಪೀಡಿಗೆ ತಕ್ಕಂಗ ಟಿಕ್‌ಟಿಕ್ ಅಂದ್ರ ಇಗ್ನಿಷನ್, ಸಣ್ಣಗ ಸೀಟಿ ಹೊಡದಂಗ ಏರಿದ್ರ ಚಾರ್ಜಿಂಗ್. ನಿಮ್ದು ಮೊದಲನೇದು. ಇಗ್ನಿಷನ್ ಕಾಯಿಲಿಗೆ 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಹಾಕ್ರಿ, ಅದರ ಬಾಡಿ ಕಾಯಿಲ್ ಕ್ಲಾಂಪಿನ ಬೋಲ್ಟಿಗೆ ಪೇಂಟ್ ಕೆರೆದು ಬಿಗೀರಿ. ಪ್ಲಗ್ ಕ್ಯಾಪು 5 ಕಿಲೊಓಮ್ ರೆಸಿಸ್ಟರ್ ಇರೋವು ಹಾಕ್ರಿ. ಸೆಟ್ಟಿನ ಅರ್ಥಿಂಗ್ ಡ್ಯಾಶ್‌ಬೋರ್ಡ್ ತಗಡಿಗೆ ಬ್ಯಾಡ, ಬಾಡಿಗೆ ಬೇರೆ ವಾಯರ್ ಎಳೀರಿ.

ಲಿಂಗಸುಗೂರು_ಅಂಬಿ
ಕಾಯಿಲಿನ ಯಾವ ಕಡಿಗಿ ಅಂತ ಹೇಳದೇ ಹೋದ್ರ ಹುಡುಗರು ತಪ್ಪು ಕಡಿಗೇ ಹಾಕ್ತಾರ. ಕಂಡೆನ್ಸರ್ ಹಾಕೋದು ಸ್ವಿಚ್ಚಿಂದ ಕರೆಂಟ್ ಬರೋ ಕಡಿಗಿ. ಪಾಯಿಂಟಿಗಿ (ಸ್ಪಾರ್ಕ್ ಬರಾಕ ಕಾಯಿಲಿನ ಕರೆಂಟ್ ಕಡಿಯೋ ಸ್ವಿಚ್ಚು) ಹೋಗೋ ಕಡಿಗಿ ಹಾಕಿದ್ರ ಸ್ಪಾರ್ಕ್ ಮಂದ ಆಗ್ತದ, ಗಾಡಿ ಎಳೆಯಂಗಿಲ್ಲ, ಪಾಯಿಂಟೂ ಕೆಡ್ತದ.

ಕೊಪ್ಪಳ_ವೈರಿಂಗ್
ಹೌದು ಹೌದು, ಸ್ವಿಚ್ ಕಡೆ. ಬರೆಯೂದು ಬಿಟ್ಟಿತ್ತು.

ಲಿಂಗಸುಗೂರು_ಅಂಬಿ
ಇನ್ನೊಂದು. ಡೈನಮೊ ಇದ್ದ ಗಾಡಿನಾ, ಆಲ್ಟರ್ನೇಟರ್ ಇದ್ದ ಗಾಡಿನಾ ಅಂತ ಮೊದಲು ನೋಡ್ರಿ. ಉದ್ದಕ, ಸಣ್ಣಕ, ಡಬ್ಬಿ ಥರ ಇದ್ದು ಕಟೌಟ್ ಡಬ್ಬಿ ಬ್ಯಾರೆ ಇದ್ದರ ಡೈನಮೊ. ಗಿಡ್ಡಕ, ದಪ್ಪಕ, ಮೈತುಂಬ ಸೀಳು ಇದ್ದರ ಆಲ್ಟರ್ನೇಟರ್. ಡೈನಮೊ ಸ್ಲೋ ರನ್ನಿಂಗಿನಾಗ ಚಾರ್ಜೇ ಮಾಡಂಗಿಲ್ಲ, ಕೆಂಪು ಲೈಟ್ ಮಿಣುಕ್ತದ. ಜಾತ್ರಿ ದಿನ ಗವಿಮಠದ ಕಡಿ ಟ್ರಾಫಿಕ್ಕಿನಾಗ ನಿಂತು ಹಾಡು ಹಚ್ಚಿ, ಹೆಡ್‌ಲೈಟೂ ಹಾಕಿದ್ರ ಕರೆಂಟೆಲ್ಲಾ ಬ್ಯಾಟರಿಯಿಂದ ಹೋಗ್ತದ. ಹಳೇ ಸೆಟ್ ಒಂದೆರಡು ಆಂಪಿಯರ್ ತಗೋತದ, ಅಡ್ಡಿಯಿಲ್ಲ. ಹೊಸ ದೊಡ್ಡ ಆಂಪ್ಲಿಫೈಯರ್ ಹಾಕಿದ್ರ ಮರುದಿನ ಮುಂಜಾನಿ ನಾಲ್ಕು ಮಂದಿ ತಳ್ಳಬೇಕು.

ಬ್ಯಾಟರಿಯ ಯಾವ ಕಡಿ ಬಾಡಿಗಿ ಕಟ್ಟ್ಯಾರ ಅಂತನೂ ನೋಡ್ರಿ. ಹಳೇ ಇಂಗ್ಲಿಷ್ ಡಿಸೈನಿನ ಗಾಡಿಯಾಗ ಪ್ಲಸ್ ಬಾಡಿಗಿ ಇರೋವೂ ಬರ್ತಾವ. ಅದಕ್ಕ ಇವತ್ತಿನ ಸೆಟ್ ಕೂಡಿಸಿದ್ರ ಸೆಟ್ಟಿನ ತಗಡು ಮುಟ್ಟಿದ ಕೂಡಲೇ ಶಾರ್ಟ್. ಸೆಟ್ಟಿನ ವಾಯರಿಗಿ ಬ್ಯಾಟರಿ ಹತ್ರ ಫ್ಯೂಸ್ ಇರಲೇಬೇಕು.

ಬಿಸಿಲೂರು_36
ಕಾರಿನಾಗೇ ತಟ್ಟಿ ಹಚ್ಚೋ ಮಷೀನ್ ಇತ್ತಂತಲ್ಲ ಮೊದಲು? ಅದು ಖರೇನಾ, ಸುಳ್ಳಾ?

ತುಂಗಭದ್ರಾ_78 (ಹೊಸಪೇಟೆ)
ಖರೆ. ಅಮೆರಿಕದ ಕ್ರೈಸ್ಲರ್ ಕಂಪನಿ 1956ರ ಗಾಡಿಗಳಿಗೆ ಹೈವೇ ಹೈ-ಫೈ ಅಂತ ಕೊಟ್ಟಿತ್ತು. ಅದರ ತಟ್ಟೆ 7 ಇಂಚಿಂದು, ಸ್ಪೀಡ್ ನಿಮಿಷಕ್ಕೆ 16⅔ ಸುತ್ತು. ಅಂಗಡಿಯ ಮಾಮೂಲಿ 45 ಅದರಾಗೆ ನಡೀತಿರಲಿಲ್ಲ, ಬೇರೆ ತಟ್ಟೆನೇ ಕೊಳ್ಳಬೇಕು. ಅದಕ್ಕೇ ಬಹಳ ದಿನ ಬಾಳಲಿಲ್ಲ. ಆಮ್ಯಾಲೆ ಫಿಲಿಪ್ಸ್‌ನವರು ಆಟೋ ಮಿನ್ಯಾನ್ ತಂದ್ರು, 45ರ ತಟ್ಟೆ ಬಾಯಿಗೆ ತುರುಕಿದ್ರೆ ನುಂಗಿ ಹಾಡೋದು. ಗಾಡಿ ಕುಲುಕಿದಾಗ ಮುಳ್ಳು ಹಾರಬಾರದು ಅಂತ ಭಾರ ಜಾಸ್ತಿ ಇಟ್ಟಿದ್ರು. ಭಾರ ಜಾಸ್ತಿ ಆದ್ರೆ ತಟ್ಟೆ ಸವೀತೈತೆ. ನಮ್ಮ ರಸ್ತೆಗೆ ಬಂದಿದ್ರೆ ಒಂದೇ ವಾರಕ್ಕೆ ತಟ್ಟೆ ಚಕ್ಲಿ ಆಗ್ತಿತ್ತು.

ಕೊನೆಗೆ ಗೆದ್ದದ್ದು ಫಿಲಿಪ್ಸ್‌ನವರದ್ದೇ ಇನ್ನೊಂದು ಕೂಸು, 1963ರ ಕ್ಯಾಸೆಟ್. ಅಂಗೈಯಾಗೆ ಹಿಡಿಯೋ ಡಬ್ಬಿ, ಕುಲುಕಿದ್ರೂ ಹಾಡು ನಿಲ್ಲಲ್ಲ. ಹೊಂಡದ ರಸ್ತೆಗೆ ಹೇಳಿ ಮಾಡಿಸಿದ್ದು.

ಹಳೇಮುಳ್ಳು
ಹೊಂಡಕ್ಕಿಂತ ಬಿಸಿಲು ದೊಡ್ಡ ಶತ್ರು. ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದನ್ನ ಸುಲಭವಾಗಿ ದಾಟುತ್ತೆ. ಎಲ್‌ಪಿಯನ್ನ ಮಾರ್ಕೆಟ್ಟಿಂದ ಮನೆಗೆ ತರುವಾಗಲೂ ಹಿಂದಿನ ಸೀಟಿನ ಮೇಲಿನ ಹಲಗೆ ಮೇಲೆ ಇಡಬೇಡಿ, ಕಾಲ ಬುಡದಲ್ಲಿ ನಿಲ್ಲಿಸಿ.

ಬಿಸಿಲೂರು_36
ಸೊಟ್ಟ ಆದ ಎಲ್‌ಪಿ ಎರಡು ಗಾಜಿನ ನಡುವ ಇಟ್ಟು ಮಾಳಗಿ ಮ್ಯಾಲ ಬಿಸಿಲಿಗಿ ಇಟ್ರ ನೆಟ್ಟಗ ಆಗ್ತದ ಅಂತಾರ. ರಾಯಚೂರಾಗ ಬಿಸಿಲಿಗೇನು ಬರ?

ಹಳೇಮುಳ್ಳು
ಅದೇ ತೊಂದರೆ, ಬಿಸಿಲು ಜಾಸ್ತಿ. ಗಾಜಿನ ನಡುವೆ ಶಾಖ ಎಷ್ಟಾಯ್ತು ಅಂತ ಕಣ್ಣಿಗೆ ಕಾಣಲ್ಲ, ಹತ್ತು ನಿಮಿಷ ಹೆಚ್ಚಾದರೆ ತಟ್ಟೆ ನೆಟ್ಟಗಾಗುತ್ತೆ, ಗೆರೆ ಮಾತ್ರ ಚಪ್ಪಟೆ ಆಗಿರುತ್ತೆ. ಬದಲಿಗೆ 6 ಮಿ.ಮೀ. ದಪ್ಪದ ಎರಡು ಗಾಜು ತೊಳೆದು, ನಡುವೆ ಸ್ವಚ್ಛ ತಟ್ಟೆ ಇಟ್ಟು, ಮೇಲೆ 5 ಕಿಲೊ ಭಾರ ಹೇರಿ, ಕೋಣೆ ಒಳಗೇ ಬಿಡಿ. ಬೇಸಿಗೆಯಲ್ಲಿ ನಮ್ಮ ಕೋಣೆಗಳು ಹೇಗೂ 38 ಡಿಗ್ರಿ. ಮೂರು ನಾಲ್ಕು ವಾರಕ್ಕೆ ಸಣ್ಣ ಸೊಟ್ಟ ಕಡಿಮೆಯಾಗುತ್ತೆ. ಅಂಚು ಚೂಪಾಗಿ ಮೇಲೆದ್ದಿದ್ದರೆ ಆಸೆ ಬಿಡಿ.

ಸಿಂಧನೂರಕ್ಕ
ಮುಳ್ಳಿನ ಬಗ್ಗೆ ಯಾರೂ ಹೇಳವಲ್ರಿ. ನಾಲ್ಕು ಸ್ಪೀಡಿನ ಪ್ಲೇಯರ್ ಅಂದ್ರ ತಲಿ ತಿರುವೋ ಮುಳ್ಳು ಇರ್ತದ, ಸಣ್ಣ ಕಿವಿ ಥರ ಹಿಡಿ, ಒಂದು ಕಡಿ 78, ಇನ್ನೊಂದು ಕಡಿ ಎಲ್‌ಪಿ ಅಂತ ಬರದಿರ್ತದ. 78ರ ಗೆರಿ ಅಗಲ, ಅದಕ್ಕ 3 ಮಿಲ್ ತುದಿ ಬೇಕು. ಅಂದ್ರ ಸುಮಾರು 75 ಮೈಕ್ರಾನ್. ಎಲ್‌ಪಿ ಮುಳ್ಳು ಅದರ ನಾಲ್ಕರಾಗ ಒಂದು ಪಾಲು ಅಷ್ಟೇ. ಎಲ್‌ಪಿ ಮುಳ್ಳು 78ರ ಮ್ಯಾಲಿಟ್ರ ಗೆರಿ ತಳಕ್ಕ ಬಿದ್ದು ಅಲ್ಲಿನ ಕಸ ಎಲ್ಲಾ ಓದ್ತದ, ಬರೀ ಕರಕರ. 78ರ ಮುಳ್ಳು ಎಲ್‌ಪಿ ಮ್ಯಾಲಿಟ್ರ ಎಲ್‌ಪಿ ಸತ್ತಂಗ. ಮುಳ್ಳು ಹಿಡಿಯೋ ತಲಿ (ಕಾರ್ಟ್ರಿಜ್) ಸೆರಾಮಿಕ್ ಆಗಿದ್ರ ಭಾರ 3ರಿಂದ 5 ಗ್ರಾಂ ಇರಲಿ.

ಕೀಲಿ ಕೊಡೋ ಗ್ರಾಮಫೋನಿನ ಮ್ಯಾಲಂತೂ ಎಲ್‌ಪಿ ಇಡಲೇಬ್ಯಾಡ್ರಿ. ಅದರ ತಲಿ ಭಾರ 100 ಗ್ರಾಂ ಮ್ಯಾಲ, ಉಕ್ಕಿನ ಪಿನ್ನು. ಆ ಪಿನ್ನು ಒಂದು ಮೈಗೆ ಒಂದು, ತಿರುವಿ ಹಾಕಿದ್ರ ಹೊಸದು. ಡಬ್ಬಿಯಾಗ ನೂರಾರು ಪಿನ್ನು ಇಟ್ಟು ಮಾರ್ತಿದ್ದದ್ದು ಅದಕ್ಕೇ.

ಕೌಲ್‌ಬಜಾರ್_ಫಿಯೆಟ್
ಅಕ್ಕಾರ, ಹೌದು! ಸಣ್ಣ ಕಿವಿ ಐತೆ. ಎಲ್‌ಪಿ ಕಡೆಗೇ ತಿರುಗಿತ್ತು, 78 ಹಾಕಿದಾಗ ಕರಕರ ಅಂದದ್ದು ಅದಕ್ಕೇ. ಈಗ 78ಕ್ಕೆ ತಿರುವಿದೆ, ದನಿ ಎದ್ದು ಬಂತು. ಇನ್ನು ರಿಕಾರ್ಡಿಂಗ್ ಹೆಂಗೆ?

ಸಿಂಧನೂರಕ್ಕ
ಸೆರಾಮಿಕ್ ಆದ್ರ ಪ್ಲೇಯರಿನ ವಾಯರ್ ಆಂಪ್ಲಿಫೈಯರಿನಾಗ ಫೋನೊ ಅಂತ ಬರದ ಕಡಿ ಹಾಕಬ್ಯಾಡ್ರಿ, ಅದು ಮ್ಯಾಗ್ನೆಟಿಕ್ ಮುಳ್ಳಿನ 5 ಮಿಲಿವೋಲ್ಟಿಗಿ ಮಾಡಿದ್ದು, ನಿಮ್ಮದು ಒಡದು ಬರ್ತದ. ಆಕ್ಸ್ ಇಲ್ಲಾ ಲೈನ್ ಕಡಿ ಹಾಕ್ರಿ. 78 ಮೊನೊ, ಎಡ ಬಲ ಎರಡೂ ಸೇರಿಸಿ ಒಂದು ಮಾಡ್ರಿ, ಅರ್ಧ ಕರಕರ ಅಲ್ಲೇ ಹೋಗ್ತದ. ಕರಕರ ತಗಿಯೋ ಸಾಫ್ಟ್‌ವೇರ್ ಕೈಗೆ ಸಿಕ್ತು ಅಂತ ಪೂರ್ತಿ ಉಜ್ಜಬ್ಯಾಡ್ರಿ. ಮನ್ಸೂರರ 78 ಇದ್ರ ತಾನಿನ ಅಂಚು ಎಲ್ಲಾ ಹೋಗಿ ಪೈಪಿನಾಗ ಹಾಡಿದಂಗ ಕೇಳಸ್ತದ.

ಲೆಕ್ಕ: 78ರ 10 ಇಂಚಿನ ಮೈ ಒಂದಕ್ಕ ಮೂರು ನಿಮಿಷ ಹಿಡೀರಿ. 40 ತಟ್ಟಿ, 80 ಮೈ, 240 ನಿಮಿಷ. ನಾಲ್ಕು ಸಿ-60 ಅಂದ್ರ ಉಸಿರಾಡಕ್ಕೂ ಜಾಗ ಇಲ್ಲ, ಐದು ತಗೊಳ್ರಿ. ಎಲ್‌ಪಿ ಒಂದು ಮೈ 20 ನಿಮಿಷದ ಆಜೂಬಾಜು.

ಗಂಗಾವತಿ_ಟೇಪು
ಸಿ-60 ಅಂದದ್ದು ಬರೊಬ್ಬರಿ. ಸಿ-60 ರೀಲು ಸುಮಾರು 18 ಮೈಕ್ರಾನ್ ದಪ್ಪ, ಸಿ-90 ಸುಮಾರು 12, ಸಿ-120 ಬರೇ 9. ಕಾರಿನ ಬಿಸಿಗೆ ಸಿ-120 ದಾರದಂಗ ಎಳೀತೈತಿ. ಮನ್ಯಾಗಿನ ಡೆಕ್ಕಿನಾಗ ಡಾಲ್ಬಿ (ಸುಂಯ್ ಸದ್ದು ತಗ್ಗಿಸೋ ಗುಂಡಿ) ಬಂದ್ ಮಾಡಿ ರಿಕಾರ್ಡ್ ಮಾಡ್ರಿ. ಇಂಥಾ ಹಳೇ ಕಾರ್ ಸೆಟ್ಟಿಗೆ ಸಾಮಾನ್ಯವಾಗಿ ಡಾಲ್ಬಿ ಇರಂಗಿಲ್ಲ.

ರಿಕಾರ್ಡ್ ಚಲೋ ಆಗಿ ಕಾರಿನಾಗ ಮಂದ ಕೇಳಿಸಿದ್ರ ರೀಲು ಓದೋ ಹೆಡ್ ಸೊಟ್ಟ. ಹೆಡ್ಡಿನ ಎರಡು ಸ್ಕ್ರೂ ಪೈಕಿ ಸ್ಪ್ರಿಂಗ್ ಇರೋದನ್ನ, ಕಂಪನಿ ಕ್ಯಾಸೆಟ್ ಹಚ್ಚಿ, ತಾಳದ ಸದ್ದು ಚುರುಕಾಗೂತನಕ ಎಳ್ಳಷ್ಟು ತಿರುವ್ರಿ. ಕಾಲು ಸುತ್ತಿಗಿಂತ ಜಾಸ್ತಿ ಬ್ಯಾಡ. ಮ್ಯಾಲೆ ಉಗುರುಬಣ್ಣ ಒಂದು ಹನಿ, ರಸ್ತೆ ಕುಲುಕಿಗೆ ಬಿಚ್ಚಂಗಿಲ್ಲ.

ಮತ್ತ ನಿಮ್ಮ ಹಳೇ ಕ್ಯಾಸೆಟ್ ಹಚ್ಚೂ ಮೊದ್ಲ ಮುಂದಿನ ಕಿಂಡಿಯಾಗ ನೋಡ್ರಿ, ಸ್ಪಂಜಿನ ಪ್ಯಾಡ್ ಐತೋ ಇಲ್ಲೋ. ಅದರ ಅಂಟು ಬಿಸಿಲಿಗೆ ಬಿಡ್ತೈತಿ. ಪ್ಯಾಡ್ ಇಲ್ಲಾಂದ್ರ ರೀಲು ಹೆಡ್ಡಿಗೆ ಒತ್ತಂಗಿಲ್ಲ, ಹಾಡು ಬಾವಿಯೊಳಗಿಂದ ಬಂದಂಗ. ಐದು ಸ್ಕ್ರೂ ಇರೋ ಕ್ಯಾಸೆಟ್ ಆದ್ರ ಊಟದ ತಟ್ಟಿಯಾಗಿಟ್ಟು ಬಿಚ್ಚರಿ, ರೋಲರ್ ಹಾರಿದ್ರ ಅಲ್ಲೇ ಬೀಳ್ತೈತಿ. ಮ್ಯಾಲಿನ ಹೋಳು ಎತ್ತಬೇಕು, ತಿರುವಬಾರದು. ಕೆಟ್ಟ ಕ್ಯಾಸೆಟ್ಟಿನ ಪ್ಯಾಡ್ ತಗಡಿನ ಸಮೇತ ತಂದು ಇಟ್ರ ಅಂಟಿನ ಗೊಡವೇನೇ ಇಲ್ಲ. ಸ್ಕ್ರೂ ಇಲ್ದ, ಕಾಸಿ ಅಂಟಿಸಿದ ಕ್ಯಾಸೆಟ್ ಆದ್ರ ಅಂಚಿಗೆ ಬ್ಲೇಡ್ ಹಾಕಿ ಒಡೆದು, ಎರಡೂ ಸುರುಳಿ ಸ್ಕ್ರೂ ಇರೋ ಖಾಲಿ ಡಬ್ಬಿಗೆ ದಾಟಿಸ್ರಿ.

ರೀಲು ಹರಿದಿದ್ರ ಸೆಲೊಟೇಪ್ ಹಚ್ಚೂದು ಪಾಪ. ಬಿಸಿಗೆ ಅಂಟು ಒಸರಿ ಪಕ್ಕದ ಸುತ್ತಿಗೂ ಹತ್ತಿ ಗಂಟಾಗ್ತೈತಿ. ಸ್ಪ್ಲೈಸಿಂಗ್ ಟೇಪೇ ಹಾಕ್ರಿ, ಹೆಡ್ಡಿಗೆ ತಾಗೋ ಹೊರಮೈಗಲ್ಲ, ಒಳಮೈಗೆ.

ಬಿಸಿಲೂರು_36
ಪೆನ್ಸಿಲ್ ಮರೆತ್ರಿ.

ಗಂಗಾವತಿ_ಟೇಪು
ಆರು ಮೂಲಿ ಪೆನ್ಸಿಲ್ಲೇ ಆಗಬೇಕು, ದುಂಡಂದು ಜಾರ್ತೈತಿ.

ತುಂಗಭದ್ರಾ_78
ರೇಡಿಯೊ ಮಾತು ಬಂದಿದ್ದಕ್ಕೆ. ಹಳೇ ಕಾರ್ ಸೆಟ್ಟಿನ ಡಯಲ್ ಮೀಟರಿನಾಗೆ ಇದ್ರೆ ತಲೆ ಕೆಡಿಸಿಕೊಳ್ಳಬ್ಯಾಡ್ರಿ, 300 ಅನ್ನೋದನ್ನ ಮೆಗಾಹರ್ಟ್ಸಿನಿಂದ ಭಾಗಿಸಿದ್ರೆ ಮೀಟರ್ ಬರ್ತೈತೆ. ಧಾರವಾಡದ 765 ಕಿಲೊಹರ್ಟ್ಸ್ ಅಂದ್ರೆ 392 ಮೀಟರ್. ಹೊಸಪೇಟೆ ಆಕಾಶವಾಣಿ 100.5 ಎಫ್ಎಂ, ಬರೀ ಮೀಡಿಯಂ ವೇವ್ ಸೆಟ್ಟಿಗೆ ಅದು ಸಿಗಲ್ಲ, ಸೆಟ್ ಕೆಟ್ಟೈತೆ ಅಂತ ಬಿಚ್ಚಬ್ಯಾಡ್ರಿ.

ಸಂಡೂರು_ಕೆಂಧೂಳು
ಹಾಡು ಸರಿ ಆತು, ಗಾಡಿ? ಬಳ್ಳಾರಿಯಿಂದ ಹೊಸಪೇಟೆಗೆ ಮಧ್ಯಾಹ್ನ ಬಿಟ್ರೆ ಫಿಯೆಟ್ ನಡುವೆ ನಿಲ್ಲೋದು ಗ್ಯಾರಂಟಿ. ಥರ್ಮೊಸ್ಟಾಟ್ ತೆಗೆದು ಒಗೀರಿ ಮೊದಲು.

ಲಿಂಗಸುಗೂರು_ಅಂಬಿ
ಇದೊಂದು ಮಾತು ಎಲ್ಲಾ ಗ್ಯಾರೇಜಿನಾಗೂ ಹೇಳ್ತಾರ, ತಪ್ಪು ಮಾತು. ಥರ್ಮೊಸ್ಟಾಟ್ 80ರ ಆಸುಪಾಸು ತೆರೀತದ, ತೆರದ ಮ್ಯಾಲ ಅದು ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ತಗದ್ರ ಮುಂಜಾನಿ ಎಂಜಿನ್ ಬಿಸಿ ಆಗಕ್ಕ ತಡ, ಪೆಟ್ರೋಲ್ ಜಾಸ್ತಿ ಕುಡೀತದ, ರಿಂಗ್ ಸವೀತದ. ಕೆಟ್ಟೈತೋ ಇಲ್ಲೋ ನೋಡಕ್ಕ ಪಾತ್ರಿ ನೀರಿನಾಗ ಇಳಿಬಿಟ್ಟು ಕಾಸ್ರಿ, ಕುದಿಯೋ ಮೊದಲೇ ಬಾಯಿ ತೆರೀಬೇಕು.

ಬಿಸಿ ಆಗೋ ಖರೆ ಕಾರಣ ರೇಡಿಯೇಟರ್. ಹೊರಗ ರೆಕ್ಕಿ ಸಂದಿಯಾಗ ಧೂಳು, ಒಳಗ ಬೋರ್‌ವೆಲ್ ನೀರಿನ ಸುಣ್ಣ. ಹೊರಗಿಂದು ಎಂಜಿನ್ ಕಡಿಯಿಂದ ಮುಂದಕ್ಕ ನೀರು ಹೊಡದು ತೊಳೀರಿ. ಒಳಗಿಂದು ಹಿತ್ತಾಳಿ ರೇಡಿಯೇಟರ್ ಆದ್ರ ತಲಿ ಬಿಚ್ಚಿ ಕಡ್ಡಿ ಹಾಕಿಸಬೇಕು. ಆಮ್ಯಾಲ ಬೋರ್ ನೀರು ಹಾಕಲೇಬ್ಯಾಡ್ರಿ.

ಸಂಡೂರು_ಕೆಂಧೂಳು
ತೆಗೆದ ಮ್ಯಾಲೆ ಬಿಸಿ ಕಮ್ಮಿ ಆಗಿದ್ದು ಎಷ್ಟೋ ಗಾಡಿಯಾಗೆ ಕಂಡೈತೆ.

ಲಿಂಗಸುಗೂರು_ಅಂಬಿ
ಅಂದ್ರ ಆ ಥರ್ಮೊಸ್ಟಾಟ್ ಅರ್ಧ ತೆರದು ಸಿಕ್ಕೊಂಡಿತ್ತು. ಹೊಸದು ಹಾಕಿದ್ರೂ ಕಮ್ಮಿ ಆಗ್ತಿತ್ತು.

ಕೊಪ್ಪಳ_ವೈರಿಂಗ್
ಬಿಸಿಲಿನಾಗ ಗಾಡಿ ನಿಂತ್ರ ಎಲ್ಲಾರೂ ಪೈಪಿನಾಗ ಪೆಟ್ರೋಲ್ ಆವಿ ಆತು ಅಂತಾರ, ಪಂಪಿನ ಮ್ಯಾಲೆ ಹಸಿ ಬಟ್ಟಿ ಹಾಕ್ತಾರ. ಅರ್ಧಕ್ಕರ್ಧ ಸಲ ಅದು ಪಾಯಿಂಟಿನ ಕಂಡೆನ್ಸರ್, ಮೊದಲು ರೇಡಿಯೊ ಸಪ್ಪಳಕ್ಕ ಹೇಳಿದ್ದಲ್ಲ. ಒಂದು ಪ್ಲಗ್ ಬಿಚ್ಚಿ ವಾಯರ್ ಹಚ್ಚಿ ಎಂಜಿನ್ ಮೈಗೆ ಒರಗಿಸಿ ಸೆಲ್ಫ್ ಹೊಡೀರಿ, ಪೆಟ್ರೋಲ್ ಚೆಲ್ಲಿದ ಕಡೆ ಮಾತ್ರ ಬ್ಯಾಡ. ಸ್ಪಾರ್ಕ್ ನೀಲಿ, ಚಟ್ ಅಂದ್ರ ಕರೆಂಟ್ ಚಲೋ, ಪೆಟ್ರೋಲ್ ಕಡೆ ನೋಡ್ರಿ. ಹಳದಿ, ಸಣ್ಣಗ ಬಂದ್ರ ಕಂಡೆನ್ಸರ್ ಇಲ್ಲಾ ಕಾಯಿಲ್, ಹಸಿ ಬಟ್ಟಿ ಉಪಯೋಗಿಲ್ಲ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಆಜೂಬಾಜು ಇಟ್ಟು, ಕಂಡೆನ್ಸರ್ ಒಂದು ಜಾಸ್ತಿ ಡಿಕ್ಕಿಯಾಗ ಇಟ್ಕೊಳ್ರಿ.

ಆವಿ ಖರೆ ಇದ್ರ ಪಂಪಿಗೂ ಎಂಜಿನ್ನಿಗೂ ನಡುವಿನ ಶಾಖ ತಡೆಯೋ ದಪ್ಪ ಪ್ಯಾಕಿಂಗ್ ಐತೋ ನೋಡ್ರಿ. ಬಿಚ್ಚಿದವರು ವಾಪಸ್ ಹಾಕಿರಂಗಿಲ್ಲ.

ತುಂಗಭದ್ರಾ_78
ಈಗಿನ ಪೆಟ್ರೋಲಿನಾಗೆ ನೂರಕ್ಕೆ 20 ಎಥೆನಾಲ್. ಹಳೇ ಪಂಪಿನ ಡಯಾಫ್ರಾಮ್, ರಬ್ಬರ್ ಪೈಪು ಉಬ್ಬಿ ಮೆತ್ತಗಾಗ್ತಾವೆ. ಎಥೆನಾಲ್ ತಡೆಯೋ ವಿಟಾನ್ ರಬ್ಬರ್ ಪೈಪು ಹಾಕ್ರಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬ್ಯುರೇಟರ್ ಖಾಲಿ ಆಗೋ ತನಕ ಓಡಿಸಿ ಬಂದ್ ಮಾಡ್ರಿ. ಎಥೆನಾಲ್ ನೀರು ಹೀರ್ತೈತೆ, ತಳದಾಗೆ ತುಕ್ಕು.

ಬಿಸಿಲೂರು_36
ವಿಂಟೇಜ್ ನಂಬರ್ ಸಿಗ್ತದೇನ್ರಿ ಈ ಫಿಯೆಟ್ಟಿಗಿ? ವಿಎ ಅಂತ ಬರೋದು.

ಲಿಂಗಸುಗೂರು_ಅಂಬಿ
ಇಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಗಿ 50 ವರ್ಷ ದಾಟಿರಬೇಕು. 1984ರ ಗಾಡಿ 2034ರ ತನಕ ಕಾಯಬೇಕು. ಸಿಕ್ಕರೂ ದಿನಾ ಓಡಸಕ್ಕ ಬರಂಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸೋದು, ರಿಪೇರಿ ಇಂಥಾದಕ್ಕ ಅಷ್ಟೇ. ಹಾಡು ಕೇಳ್ಕೊಂತ ಅಡ್ಡಾಡೋರಿಗಿ ಮಾಮೂಲಿ ಆರ್‌ಸಿ ರಿನೀವಲ್ಲೇ ಬೇಷ್, ಐದೈದು ವರ್ಷಕ್ಕ.

ಸಂಡೂರು_ಕೆಂಧೂಳು
ರಿವರ್ಸ್ ಹಾಕಿದ್ರೆ ಹಾಡು ಬರೋ ಹಾರ್ನ್ ಹಾಕಿಸ್ರಿ, ಅದೂ ಹಳೇ ನೆನಪೇ.

ಕೊಪ್ಪಳ_ವೈರಿಂಗ್
ಹಾಡೋ ಹಾರ್ನಿಗೆ ದಂಡ ಐತಿ. ಆ ಹಾಡು ಕೇಳಿ ಓಣಿ ನಾಯಿ ಎಲ್ಲಾ ಎದ್ದು ಕೂಗ್ತಾವ, ಅದು ಬ್ಯಾರೆ.

ಕೌಲ್‌ಬಜಾರ್_ಫಿಯೆಟ್
ವರದಿ. ಬೆಲ್ಟು ಹಾಕಿದ್ದಾತು, ಡಾಂಬರ್ ತೆಗೆಯಾಕೆ ಎರಡು ತಾಸು. ಕಂಡೆನ್ಸರ್ ಸ್ವಿಚ್ ಕಡೆ ಹಾಕಿದ ಮ್ಯಾಲೆ ಟಿಕ್‌ಟಿಕ್ ಮುಕ್ಕಾಲು ಹೋತು. ಈಗ ಒಂದೇ ಚಿಂತೆ, 78 ಸ್ವಲ್ಪ ನಿಧಾನ ಹಾಡ್ತೈತೆ ಅನ್ನಿಸ್ತೈತೆ, ಗಂಡಸಿನ ದನಿ ಇನ್ನೂ ದಪ್ಪ. ಸ್ಪೀಡ್ ಅಳೆಯೋದು ಹೆಂಗೆ?

ಸಿಂಧನೂರಕ್ಕ
ಸುತ್ತಲೂ ಸಮ ಅಂತರದ ಗೆರಿ ಇರೋ ದುಂಡ ಕಾಗದ ಪ್ರಿಂಟ್ ತಗೀರಿ. ನಮ್ಮ 50 ಹರ್ಟ್ಸ್ ಕರೆಂಟಿಗಿ 78ಕ್ಕ 77 ಗೆರಿ, 45ಕ್ಕ 133, 33⅓ಕ್ಕ 180. ತಟ್ಟಿ ಮ್ಯಾಲಿಟ್ಟು ತಿರುವಿ, ದೀಪದ ಬೆಳಕಿನಾಗ ನೋಡ್ರಿ. ಗೆರಿ ನಿಂತಂಗ ಕಂಡ್ರ ಸ್ಪೀಡ್ ಸರಿ. ತಿರುಗೋ ದಿಕ್ಕಿಗಿ ಜರುಗಿದ್ರ ಜೋರು, ಹಿಂದಕ್ಕ ಜರುಗಿದ್ರ ನಿಧಾನ. ಎಲ್‌ಇಡಿ ಬಲ್ಬಿನಾಗ ಕಾಣದೇ ಹೋಗಬೋದು. ಸ್ವಿಚ್ ಬೋರ್ಡಿನ ಇಂಡಿಕೇಟರ್ ನಿಯಾನ್ ಸಾಕು, ಅದು ಸೆಕೆಂಡಿಗಿ 100 ಸಲ ಮಿಣುಕ್ತದ. ಕೋಣಿ ಕತ್ತಲ ಮಾಡ್ಕೊಳ್ರಿ.

ಕೌಲ್‌ಬಜಾರ್_ಫಿಯೆಟ್
ನೋಡಿದೆ. ಗೆರೆ ಮೆಲ್ಲಗೆ ಹಿಂದಕ್ಕೆ ಜರುಗ್ತಾವೆ. ಅದರ ಜೊತೆಗೆ ಪ್ರತಿ ಸುತ್ತಿಗೂ ಹಲವು ಸಲ ಧಬ್ ಧಬ್ ಅಂತೈತೆ.

ಹಳೇಮುಳ್ಳು
ಧಬ್ ಧಬ್ ಅಂದ್ರೆ ಒಳಗಿನ ರಬ್ಬರ್ ಗಾಲಿಗೆ ತಗ್ಗು ಬಿದ್ದಿದೆ. ಸ್ಪೀಡ್ ಗುಂಡಿಯನ್ನ 78ಕ್ಕೇ ಬಿಟ್ಟು ವರ್ಷಗಟ್ಟಲೆ ಇಟ್ಟಿರ್ತಾರೆ, ಗಾಲಿ ಮೋಟರ್ ಕಡ್ಡಿಗೆ ಒತ್ತಿಕೊಂಡೇ ಇರುತ್ತೆ. ಸಣ್ಣ ಮರಳು ಕಾಗದ ಗಾಲಿ ಅಂಚಿಗೆ ಸಮನಾಗಿ ಹಿಡಿದು ತಿರುಗಿಸಿ, ಹೊಳಪು ಹೋಗೋವಷ್ಟು. ಗಾಲಿಗೆ ಎಣ್ಣೆ ಬೇಡ. ಮೋಟರ್ ಬುಷ್ಷಿಗೆ ಮಾತ್ರ ಹೊಲಿಗೆ ಮಷೀನ್ ಎಣ್ಣೆ ಎರಡು ಹನಿ.

ಕೌಲ್‌ಬಜಾರ್_ಫಿಯೆಟ್
ಧಬ್ ಧಬ್ ಹೋತು. ಆದ್ರೆ ಮಧ್ಯಾಹ್ನ ಇನ್ನೂ ಹಿಂದಕ್ಕೆ ಜರುಗ್ತಾವೆ, ರಾತ್ರಿ ನೋಡಿದ್ರೆ ನಿಂತಂಗೆ ಐತೆ. ಇದೇನು?

ಸಿಂಧನೂರಕ್ಕ
ಹಗಲು ಪಂಪ್‌ಸೆಟ್ ಚಾಲೂ ಆಗಿ ವೋಲ್ಟೇಜ್ ಇಳದಿರ್ತದ, ಆ ಸಣ್ಣ ಮೋಟರ್ ಸೋಲ್ತದ. 11 ಗಂಟಿ ಮ್ಯಾಲ ಫ್ಯಾನ್ ಬಂದ್ ಮಾಡಿ ರಿಕಾರ್ಡ್ ಮಾಡ್ರಿ. ಮುಗಿದ ಮ್ಯಾಲ ಗುಂಡಿ ಆಫ್‌ಗೆ ತಂದಿಡ್ರಿ, 78ಕ್ಕ ಬಿಡಬ್ಯಾಡ್ರಿ.

ಬಿಸಿಲೂರು_36
11ರ ಮ್ಯಾಲ ಅಂತೀರಿ, ಫ್ಯಾನ್ ಬಂದ್ ಅಂತೀರಿ. ಮೇ ತಿಂಗಳದಾಗ.